ಅರ್ಧ ಬ್ರಾಸು

ಸಾತ್‌ಬಾರಾದ ಹಾಳಿಯಾಗ
ಹದಿನೆಂಟು ಗುಂಟೆ ನನ್ನ ಹೆಸರಿಗೆ ಬರದಾರ.
ಕಲ್ಲಿನ ಲೆಕ್ಕ ಬರದಿಲ್ಲ.

ವೆಲ್ಹೆ ದಾಟಿ, ಗುಂಜವಣಿ ಹೊಳಿಯ ಈಚಿ ದಂಡಿ,
ಗುಡ್ಡದ ಬುಡಕ ಮುರುಮಿನ ನೆಲ.
ನಟ್ಟನಡುವ ಕುಂತಿತ್ತು ಅದು,
ಎಮ್ಮಿ ಕೆಸರಾಗ ಕುಂತಂಗ,
ಬೆನ್ನಷ್ಟ ಮ್ಯಾಲ.
ಪ್ರತಿ ವರ್ಷ ನೇಗಿಲು ಅದಕ್ಕ ಸುತ್ತು ಹಾಕಿ ಹೋಗತಿತ್ತು,
ಗುಡಿಗೆ ಹಾಕಿದಂಗ.

ಸೋಪಾನ ಖುಟವಡ ಟ್ರ್ಯಾಕ್ಟರ್ ತಂದ.
ತಾಸಿಗೆ ಒಂಬೈನೂರು, ಡೀಸೆಲ್ ಅವನದ.
ಬಾನೆಟ್ಟಿನ ಮ್ಯಾಲ ಖಂಡೋಬನ ಭಂಡಾರ.
"ದಗಡ ಅಲ್ಲೇನ ಮಾವಶೀ, ಹತ್ತು ನಿಮಿಷ" ಅಂದ.

ನಾ ಏನೂ ಅನ್ನಲಿಲ್ಲ.
ವಾಘೋಲಿ ಖಣಿಯಾಗ ಇಪ್ಪತ್ತಾರು ವರ್ಷ
ಬ್ರಾಸಿನ ಲೆಕ್ಕಕ್ಕ ಕಲ್ಲು ಒಡದಾಕಿ ನಾ.
ಹತ್ತು ನಿಮಿಷದ ಕಲ್ಲು ಯಾವುದು, ಹತ್ತು ದಿನದ್ದು ಯಾವುದು,
ಸುತ್ತಿಗಿ ತಾಗಿದ ಕೂಡಲೆ ಅಂಗೈ ಹೇಳತೈತಿ.
ಇದನ್ನ ನಿನ್ನಿನ ಬಡದು ನೋಡಿದ್ದೆ:
ದನಿ ಮ್ಯಾಲ ಬರಲಿಲ್ಲ. ಒಳಗಿಳದು ಹೋತು.

ಸರಪಳಿ ಸುತ್ತಿ ಮ್ಯಾಲಿನ ಕೊಂಡಿಗೆ ಸಿಗಿಸಿದ.
"ಕೆಳಗ ಹಾಕೋ ತಮ್ಮಾ, ಅಚ್ಚಿಗಿಂತ ಕೆಳಗ.
ಮ್ಯಾಲ ಕಟ್ಟಿ ಜಗ್ಗಿದ್ರ
ಕಲ್ಲು ಏಳೂದಿಲ್ಲ, ಗಾಡಿ ಏಳತೈತಿ."
ನಕ್ಕ. ಜಗ್ಗಿದ.

ಮುಂದಿನ ಗಾಲಿ ಎರಡೂ ನೆಲ ಬಿಟ್ಟುವು.
ಒಂದು ಉಸಿರಿನಷ್ಟು ಹೊತ್ತು
ಟ್ರ್ಯಾಕ್ಟರ್ ಆಕಾಶದ ಕಡೆ ಮೋತಿ ಮಾಡಿ ನಿಂತಿತ್ತು.
ಕ್ಲಚ್ ತುಳಿದ. ಧಪ್ಪಂತ ಇಳಿದುವು.
ಅವನ ಮೋತಿ ಭಂಡಾರಕ್ಕಿಂತ ಹಳದಿ.
ಕೊಂಡಿ ಕೆಳಗ ಬಂತು.
ನಾ ಆ ಮಾತು ಎತ್ತಿ ಆಡಲಿಲ್ಲ.

ಕಲ್ಲು ಜಗ್ಗೂದಲ್ಲ.
ಮೊದಲು ಅದಕ್ಕೂ ನೆಲಕ್ಕೂ ಮಾತು ಬಿಡಸಬೇಕು.
ಸುತ್ತ ಮೊಣಕಾಲುದ್ದ ಅಗದೆ. ಎರಡು ಕೊಡ ನೀರು ಹೊಯ್ದೆ.
ಗುಡ್ಡದ ಕಡಿಯಿಂದ ಹಾರಿ ಕೊಟ್ಟೆ.
ಅವ ಲೋ ಗೇರಿನಾಗ ಬಿಗಿ ಮಾಡತಾನ, ಹಿಡಿತಾನ;
ಎದ್ದ ಸಂದಿಗೆ ನಾ ಒಂದು ಬೋಳಗಲ್ಲು ತುರುಕತೀನಿ.
ಮತ್ತ ಬಿಗಿ. ಮತ್ತೊಂದು ಕಲ್ಲು.
ಕಲ್ಲು ಒಳಗ, ಬೆರಳು ಹೊರಗ,
ಖಣಿಯಾಗ ಕೂಸಿಗೆ ಮೊದಲು ಕಲಸೂದು ಇದ.

ಉಣ್ಣೂ ಹೊತ್ತಿಗೆ ಹೊರಳಿತು.
ಸಪ್ಪಳ ಇಲ್ಲದ,
ಇಷ್ಟೊತ್ತು ಹಟ ಹಿಡದಿದ್ದು ತಾನಲ್ಲ ಅನ್ನೂವಂಗ.

ಕೆಳಗ ತಂಪು ವಾಸನಿ. ಬಿಸಲು ಕಾಣದ ಬಿಳಿ ಬೇರು.
ಮರಿಗೋಳನ್ನ ಬೆನ್ನ ಮ್ಯಾಲ ಹೊತ್ತ ಒಂದು ಚೇಳು.
ಸೋಪಾನ ಚಪ್ಪಲಿ ತಗದ. ಬ್ಯಾಡ ಅಂದೆ.

ಆಗ ಕಂಡಿತು ಕಲ್ಲಿನ ಹೊಟ್ಟಿ.
ಸಾಲಾಗಿ ಗುಳಿ. ಐದು. ಆರನೇದು ಅರ್ಧ.
ಬೆಣೆ ಹೊಡಿಯೂ ಗುಳಿ, ಉಳಿಯಿಂದ ಕಡದದ್ದು.
ನಡುವ ಕೈ ಇಟ್ಟೆ: ನಾಕು ಬೆರಳು.
ಮುಂದಿಂದಕ್ಕ ಇಟ್ಟೆ: ನಾಕ ಬೆರಳು.
ನಮ್ಮವ್ವ ನನ್ನ ಕೈ ಹಿಡದು ತೋರಸಿದ ಅಳತಿ.

ನಮ್ಮ ಮಂದೀನ? ಹೌದನ್ನಾಕ ಸಾಕ್ಷಿ ಇಲ್ಲ.
ಯಾರೋ ಆರನೇ ಗುಳಿಯಾಗ ಎದ್ದು ಹೋಗ್ಯಾರ.
ರೊಟ್ಟಿ ಬಂತೋ, ಕೂಸು ಅತ್ತಿತೋ,
ಇವತ್ತಿನ ಕೂಲಿ ಇಲ್ಲ ಅಂತ ಮುಕಾದಮ ಅಂದನೋ.
ಆಮ್ಯಾಲ ಯಾವ ಮಳಿಯಾಗೋ
ಕಲ್ಲು ಗುಡ್ಡ ಇಳದು ಬಂದು
ಗುಳಿ ಕೆಳಗ ಮಾಡಿ ಮಕ್ಕೊಂಡೈತಿ.

"ಕ್ರಶರ್‌ನವರು ತಗೋತಾರ ಮಾವಶೀ, ಒಂದು ಬ್ರಾಸು ಬರತೈತಿ."
ಅರ್ಧ. ಅರ್ಧಕ್ಕೂ ಎರಡು ಬುಟ್ಟಿ ಕಮ್ಮಿ.
ಬ್ಯಾಡಂದ್ರೂ ಎಣಸತಾವ ಕಣ್ಣು. ಚಟ.

ಮಾರಲಿಲ್ಲ. ಬದುವಿನ ತನಕ ಎಳಸಿ
ಗುಳಿ ಮ್ಯಾಲ ಬರೂವಂಗ ನಿಲ್ಲಸಿದೆ.
ಮೂರು ತಾಸಿಗೆ ಸೋಪಾನ ಎರಡೂವರಿಯ ರೊಕ್ಕ ತಗೊಂಡ.
ಉಳದರ್ಧ ಯಾತಕ್ಕ ಬಿಟ್ಟಿ ಅಂತ ನಾ ಕೇಳಲಿಲ್ಲ.

ನನ್ನ ಉಳಿ ಮನ್ಯಾಗ ಜ್ವಾಳದ ಡಬ್ಬಿಯಾಗ ಐತಿ.
ಆರನೇದು ಮುಗಸಲೋ ಬ್ಯಾಡೋ, ನೋಡಬೇಕು.

ನಡುಹೊಲದಾಗ ತಗ್ಗು ಉಳದೈತಿ.
ಸಂಜಿಗೆ ಹೋದ್ರ
ಚೇಳು ಇನ್ನೂ ಅಲ್ಲೇ ಸುತ್ತತಿತ್ತು,
ಮರಿಗೋಳ ಸಮೇತ,
ಮಾಳಗಿ ಎಲ್ಲಿ ಹೋತಂತ.