ತವರಿಗೆ ಹೋದ ಓಣಿ

ಮಂಡಕ್ಕಿ ಭಟ್ಟಿಯ ಮೂರನೇ ಓಣಿಗೆ
ನೀಲಿ ಪೆಟ್ಟಿಗೆ ಹೆಗಲಿಗೇರಿಸಿ ನಾನು ಹೋದರೆ
ಮಕ್ಕಳೇ ಇಲ್ಲದ ಓಣಿ ಅದು.
ನನ್ನ ಪಟ್ಟಿಯಲ್ಲಿ ಹನ್ನೊಂದು ಹೆಸರು,
ಹಗ್ಗದ ಮೇಲೆ ಸಾಲು ಸಾಲು ಲಂಗೋಟಿ,
ಒಳಗೆಲ್ಲೋ ಸೆರಗೊತ್ತಿ ಅಡಗಿಸಿದ ಅಳು,
"ತವರಿಗೆ ಹೋಗ್ಯಾಳ್ರೀ" ಎನ್ನುವ ಅತ್ತೆಯರು.
ಎಲ್ಲ ಸೊಸೆಯರೂ ಒಂದೇ ಗುರುವಾರ
ಹರಿಹರಕ್ಕೋ ಹರಪನಹಳ್ಳಿಗೋ!

ತಪ್ಪು ನಮ್ಮದೇ. ಹೋದ ವರ್ಷ
ನನಗಿಂತ ಮುಂಚಿನವಳು ಅವಸರದಲ್ಲಿ ಚುಚ್ಚಿ,
ಕಾರ್ಡಿಗೆ ಟಿಕ್ ಹಾಕಿ, ಬಸ್ಸು ಹಿಡಿದಳು.
ರಾತ್ರಿ ಶಬಾನಾಳ ಕೂಸಿನ ಮೈ
ಭಟ್ಟಿಯ ಮರಳಿನ ಹಾಗೆ ಕಾಯಿತು.
ಬರುತ್ತದೆ, ಒಂದೆರಡು ದಿನಕ್ಕೆ ಇಳಿಯುತ್ತದೆ
ಎಂದು ಹೇಳಿದವರಿಲ್ಲ.
ಮೂರನೇ ದಿನ ಕೂಸು ನಕ್ಕಿತು;
ಓಣಿ ಮಾತ್ರ ಆರಲಿಲ್ಲ.

ಮಲನ್‌ಬಿ ಸೂಲಗಿತ್ತಿ.
ಓಣಿಯ ಅರ್ಧ ಜನರ ಹೊಕ್ಕಳುಬಳ್ಳಿ ಕೊಯ್ದವಳು.
ಹೆರಿಗೆಗಳೆಲ್ಲ ದೊಡ್ಡಾಸ್ಪತ್ರೆಗೆ ಹೋದಮೇಲೆ
ಕೂಸುಗಳಿಗೆ ಎರೆಯುವುದಷ್ಟೇ ಉಳಿದ ಕೆಲಸ.
ಅವಳ ಹೊಸ್ತಿಲಲ್ಲಿ ಕೂತೆ.
ಮಂಡಕ್ಕಿ ಕೊಟ್ಟಳು, ಚಹಾ ಕೊಡಲಿಲ್ಲ.
"ನನ್ನ ಕೈ ಬಿಡಿಸ್ದೋರು ನೀವು.
ಬ್ಲೇಡು ಕಸ್ಕಂಡ್ರಿ, ಮನ್ಯಾಗಿರು ಅಜ್ಜಿ ಅಂದ್ರಿ.
ಈಗ ಕೈ ಬೇಕಾತಾ?"
ಬೇಕಾಯ್ತು ಎಂದೆ. ಬೇರೆ ಉತ್ತರವಿರಲಿಲ್ಲ.

ಪೆಟ್ಟಿಗೆ ತೆಗೆಸಿದಳು. ಐಸು ಮುಟ್ಟಿ ಬೆರಳು ಹಿಂದೆಗೆದಳು.
ಸೀಸೆ ಎತ್ತಿ ಬೆಳಕಿಗೆ ಹಿಡಿಯಹೋದಾಗ
"ಬಿಸಿಲಿಗೆ ಬ್ಯಾಡ" ಅಂದೆ. ಇಳಿಸಿದಳು.
ಇದು ಯಾಕೆ?
ಗಂಟಲಮಾರಿಗೆ, ನಾಯಿಕೆಮ್ಮಿಗೆ, ಧನುರ್ವಾಯುಗೆ.
ಇದು?
ದಡಾರಕ್ಕೆ.
ಜ್ವರ ಬರ್ತದಾ?
ಬರಬಹುದು.
ತೊಡಿ ಊದ್ತದಾ?
ಕೆಲವರಿಗೆ.
ಯಾರಿಗೂ ಏನೂ ಆಗಲ್ಲಂತ ಬರ್ಕೊಡ್ತೀಯಾ?
ಇಲ್ಲ ಅಜ್ಜಿ. ಏನಾದ್ರೂ ಆದ್ರೆ ಬರ್ತೀನಂತ ಬರ್ಕೊಡ್ತೀನಿ.
ರಾತ್ರಿ?
ರಾತ್ರಿ.

ಆಗ ತೋಳು ಮಡಚಿದಳು. ಮುಂಗೈ ಮೇಲೆ
ಎರಡು ದುಂಡು ಕಲೆ, ಸವೆದ ಬಿಲ್ಲೆಯಂಥವು.
"ದೇವಿ ಹಾಕಿದ್ದು. ಐದು ವರ್ಷದಾಕಿ ನಾನು.
ಅಪ್ಪ ಭತ್ತದ ಕಣಜದಾಗೆ ಬಚ್ಚಿಟ್ಟಿದ್ದ.
ಸೀನಿ ಸಿಕ್ಕಿಬಿದ್ದೆ."
ಇಬ್ಬರೂ ನಕ್ಕೆವು. ಆಮೇಲೆ ಚಹಾ ಬಂತು.

ಮುಂದಿನ ಗುರುವಾರ ಅವಳು ಮುಂದೆ, ಪೆಟ್ಟಿಗೆ ಹಿಂದೆ.
ಬಾಗಿಲು ಬಡಿಯಲಿಲ್ಲ, ಹೆಸರು ಹಿಡಿದು ಬೈದಳು:
"ಏ ಮುಮ್ತಾಜ್, ಬಂದ್ಯಾ?
ತವರಿಂದಲಾ, ಮಂಚದ ಕೆಳಗಿಂದಲಾ?
ಔಷಧ ಎಂಥದೋ ನಂಗೆ ಗೊತ್ತಿಲ್ಲ.
ಈ ಹುಡುಗಿ ಜ್ವರ ಬರ್ತದೆ ಅಂತ ತಾನೇ ಹೇಳ್ತಾಳೆ.
ಮೋಸ ಮಾಡೋರು ಹಂಗೆ ಹೇಳಲ್ಲ."
ತೊಡೆ ಹಿಡಿದ ಆ ಕೈ,
ಎಣ್ಣೆ ಜಿಡ್ಡಿನ, ಗಂಟುಗಂಟಿನ ಆ ಕೈ,
ಕೂಸಿಗೆ ಮೊದಲೇ ಪರಿಚಯ.
ಚುಚ್ಚಿದೆ. ಓಣಿಗೆಲ್ಲ ಕೇಳುವ ಹಾಗೆ ಅತ್ತಿತು.
"ಚುಚ್ಚಿದ ಕಡೆ ತಿಕ್ಕಬ್ಯಾಡ, ಅರಿಶಿನ ಮೆತ್ತಬ್ಯಾಡ"
ಅಂದವಳು ನಾನಲ್ಲ,
ಜೀವಮಾನವಿಡೀ ಕೂಸುಗಳನ್ನು ತಿಕ್ಕಿದವಳು.

ಹನ್ನೊಂದೂವರೆಗೆ ಫೋನು. ಹೋದೆ.
ಭಟ್ಟಿಗೆ ಹೊಟ್ಟು ಸುರಿಯುತ್ತಿದ್ದರು, ಓಣಿ ತುಂಬ ಹೊಗೆ.
ಮಲನ್‌ಬಿ ಆಗಲೇ ಅಲ್ಲಿದ್ದಳು, ಒದ್ದೆ ಬಟ್ಟೆ ಹಿಂಡುತ್ತ,
ನಾನು ಹೇಳಿದ್ದಷ್ಟೇ ಹನಿ ಎಣಿಸುತ್ತ,
ಬಿಸ್ಮಿಲ್ಲಾ, ಏಕ್, ದೋ...
ತಲೆಯೆತ್ತಿ ಗಡಿಯಾರ ನೋಡಿದಳು, ನನ್ನನ್ನಲ್ಲ.
ಕಿಟಕಿಯಾಚೆ ಶಬಾನಾ, ಸೊಂಟದ ಮೇಲೆ ಮಗು.
ಏನೂ ಕೇಳಲಿಲ್ಲ. ಹೋಗಲೂ ಇಲ್ಲ.

ಹನ್ನೊಂದರಲ್ಲಿ ಈಗ ಎಂಟಾಗಿವೆ.
ಹಸಿರು ಬಾಗಿಲಿನ ಮನೆ ಇನ್ನೂ ತವರಲ್ಲೇ ಇದೆ.
"ಬಿಡು, ಅವ್ಳ ಗಂಡನ್ನೂ ನಾನೇ ಹೊರಗೆಳ್ದಿದ್ದು.
ಕಾಲು ಮುಂದಾಗಿ ಬಂದಿದ್ದ, ಮೊಂಡ" ಅನ್ನುತ್ತಾಳೆ ಮಲನ್‌ಬಿ,
ಅಡಿಕೆ ಕತ್ತರಿಸುತ್ತ,
"ಅವತ್ತೂ ಭಾಳ ಹೊತ್ತು ಹಿಡೀತು."