ಅರ್ತ್ ಇಲ್ಲದ ಮನೆ

ನಾನು ವೈರ್‌ಮನ್. ಭೂತ ಬಿಡಿಸುವವನಲ್ಲ.
ಆದರೂ ಕೋಡಿಬಾಗದಿಂದ ಅಮದಳ್ಳಿಯವರೆಗೆ
ರಾತ್ರಿ ಸದ್ದು ಕೇಳಿದ ಮನೆಯವರು
ಭಾರ ಬರುವ ಮುಕುಂದನಿಗೆ ಕೋಳಿ ಕೊಟ್ಟು ಸೋತ ಮೇಲೆ
ನನ್ನ ನಂಬರು ಒತ್ತುತ್ತಾರೆ.

ನಾನು ಕೇಳುವುದು ಎಲ್ಲ ಕಡೆ ಅದನ್ನೇ:
ಶುರುವಾದದ್ದು ಫ್ರಿಜ್ ತಂದ ಮೇಲೋ, ಮುಂಚೆಯೋ?
ಒಬ್ಬರಿಗೇ ಕೇಳುತ್ತದೋ, ನಾಯಿಗೂ ಕೇಳುತ್ತದೋ?
ಮಾಡಿನ ಮೇಲೆ ಮರಬೆಕ್ಕಿನ ಓಡಾಟ ಇದೆಯೇ?
ಹೆಂಗಸರನ್ನು ಬದಿಗೆ ಕರೆದು ಕೇಳುತ್ತೇನೆ,
ಕುಡಿದು ಬಂದು ಬಾಗಿಲು ಬಡಿಯುವವರು ಯಾರಾದರೂ?
ಅರ್ಧ ಭೂತಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಅವರು ಕೇಳುವುದೂ ಅದನ್ನೇ:
ಇದು ಮನೆಗೆ ಅಂಟಿದ್ದೋ, ಮನುಷ್ಯರಿಗೋ?
ಮನೆ ಬಿಟ್ಟರೆ ಬಿಡುತ್ತದೋ, ಬೆನ್ನು ಹತ್ತುತ್ತದೋ?
ಅದಕ್ಕೆ ನನ್ನ ಟೆಸ್ಟರಿನಲ್ಲಿ ದೀಪ ಇಲ್ಲ.

ತೋಡೂರಿನ ಪುನರ್ವಸತಿ ಕಾಲೊನಿ.
ಫೋನು ಮಾಡಿದವಳು ಸುಲಕ್ಷಾ, ಐಸ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುವವಳು.
ಕಂಡವಳು ಅವಳ ತಾಯಿ, ರುಕ್ಮಾ ತಾಂಡೇಲ.
'ದಿನಾ ಮೂರೂ ನಲವತ್ತಕ್ಕೆ ದೀಪ ಸಣ್ಣಗಾಗಿ
ಮತ್ತೆ ಕಣ್ಣು ಕುಕ್ಕುವಷ್ಟು ಉರಿಯುತ್ತದೆ.
ಬಚ್ಚಲ ನಲ್ಲಿ ಮುಟ್ಟಿದರೆ ಯಾರೋ ಬೆರಳು ಹಿಡಿದ ಹಾಗೆ.
ಹಿಡಿತ ನನಗೆ ಗೊತ್ತು. ಅತ್ತೆಯದು.
ಸಿಟ್ಟು ಬಂದರೆ ಹೀಗೇ ಹಿಡಿಯುತ್ತಿದ್ದಳು, ಬಿಡುತ್ತಿರಲಿಲ್ಲ.'

ಅತ್ತೆ ಹಳೆಯ ಊರಲ್ಲೇ ತೀರಿಕೊಂಡವಳು,
ಸಾಮಾನಿನ ಲಾರಿ ಬರುವ ಎಂಟು ದಿನ ಮೊದಲು.
ಆ ಮನೆ ಈಗ ನೌಕಾನೆಲೆಯ ಗೋಡೆಯಾಚೆ,
ಮನೆ ಅಂದರೆ, ಅದು ಇದ್ದ ಜಾಗ.
ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಕೆಂಪು ಗೀಟು.
'ಇಪ್ಪತ್ತೆರಡು ವರ್ಷ ಹಿಡಿಯಿತು ನೋಡು, ನಮ್ಮ ವಿಳಾಸ ಹುಡುಕಲಿಕ್ಕೆ.
ಗೇಟಿನಲ್ಲಿ ಪಾಸು ಕೇಳಿರಬೇಕು.'
ನಗುತ್ತಾಳೋ ಎಂದು ನೋಡಿದೆ.
ನಗಲಿಲ್ಲ.

ಬೋರ್ಡು ಬಿಚ್ಚಿದೆ. ಉಪ್ಪುಗಾಳಿಗೆ ತಾಮ್ರ ಹಸಿರುಗಟ್ಟಿ
ನ್ಯೂಟ್ರಲ್ ತಂತಿ, ಬೀಳಲಿರುವ ಹಾಲುಹಲ್ಲಿನ ಹಾಗೆ ಅಲ್ಲಾಡುತ್ತಿತ್ತು.
ಮೂರೂ ನಲವತ್ತಕ್ಕೆ ಕಾಲೊನಿಯ ನೀರಿನ ಮೋಟರು ಶುರುವಾಗುತ್ತದೆ.
ಗೀಸರಿನ ಕಾಯಿಲು ಸೀಳಿ ಕರೆಂಟು ನಲ್ಲಿಗೆ ಇಳಿದಿದೆ.
ಇವತ್ತು ಬೆರಳು ಹಿಡಿದದ್ದು ನಾಳೆ ಎದೆ ಹಿಡಿಯುತ್ತದೆ.
'ಮನೆಗೆ ಅರ್ತ್ ಇಲ್ಲ,' ಅಂದೆ.
'ಅರ್ಥ ಇಲ್ಲ ಅಂತ ನನಗೂ ಗೊತ್ತು ತಮ್ಮಾ,' ಅಂದಳು,
'ಬಂದ ದಿನವೇ ಗೊತ್ತಾಯಿತು.'

ಹಿತ್ತಿಲಲ್ಲಿ ಎದೆಮಟ್ಟ ಗುಂಡಿ. ಚಿರೆಕಲ್ಲಿಗೆ ತಾಗಿ ಹಾರೆ ಎಗರಿ ಬಂತು.
ತಾಮ್ರದ ತಗಡು ಇಳಿಸಿ
ಒಂದು ಪದರ ಇದ್ದಿಲು, ಒಂದು ಪದರ ಸಾಣಿಕಟ್ಟೆಯ ಉಪ್ಪು,
ಮತ್ತೆ ಇದ್ದಿಲು, ಮತ್ತೆ ಉಪ್ಪು.
ಗುಂಡಿಯ ಅಂಚಿನಲ್ಲಿ ಕೂತವಳು ಹೇಳಿದಳು:
'ಮುಕುಂದನೂ ಇದನ್ನೇ ತರಿಸಿದ್ದ. ಕೋಳಿ ಒಂದು ಹೆಚ್ಚು.'
ಕಡೆಗೆ ನೀರು ಹೊಯ್ಯಬೇಕು. ಕೊಡ ಅವಳೇ ತಂದಳು.
ಹೊಯ್ಯುವಾಗ ಕೊಂಕಣಿಯಲ್ಲಿ ಏನೋ ಮಾತಾಡಿದಳು.
ನನಗೆ ಕೊಂಕಣಿ ಬರುತ್ತದೆ. ಕೇಳಿಸಿಕೊಳ್ಳಲಿಲ್ಲ.

ಖಾತ್ರಿ ಇರಲಿ ಎಂದು ಆ ರಾತ್ರಿ ಜಗಲಿಯಲ್ಲೇ ಮಲಗಿದೆ.
ಮೂರೂ ನಲವತ್ತು. ದೂರದಲ್ಲಿ ಮೋಟರು ಗುಡುಗುಟ್ಟಿತು.
ದೀಪ ಕದಲಲಿಲ್ಲ.
ರುಕ್ಮಾ ಬಚ್ಚಲಿಗೆ ಹೋಗಿ ನಲ್ಲಿ ಹಿಡಿದು ನಿಂತಳು,
ತಿರುಗಿಸಲಿಲ್ಲ, ಸುಮ್ಮನೆ ಹಿಡಿದುಕೊಂಡೇ ಇದ್ದಳು.
'ಏನಾದರೂ?' ಕೇಳಿದೆ.
'ತಣ್ಣಗಿದೆ.'

ಆಮೇಲೆ ಎರಡು ಲೋಟ ಚಾ ಮಾಡಿದಳು.
ಒಂದನ್ನು ಎಂದಿನ ಹಾಗೆ ಕಿಟಕಿಯ ಹತ್ತಿರ ಇಟ್ಟು,
ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ಸರಿಸಿದಳು.
'ಎಲ್ಲಿಗೆ ಹೋಯಿತು ಅದು?'
'ಮಣ್ಣಿಗೆ.'
'ಈ ಮಣ್ಣಿಗೋ?'
'ಮತ್ತೆಲ್ಲಿಗೆ? ಹಿತ್ತಿಲಿಗೆ.'

ಬೆಳಿಗ್ಗೆ ಸುಲಕ್ಷಾ ಇದ್ದಿಲಿನ ಲೆಕ್ಕದಲ್ಲಿ
ನಲವತ್ತು ರೂಪಾಯಿ ಕಡಿಮೆ ಮಾಡಿಸಿದಳು.
ಹೊರಡುವ ಮುಂಚೆ ಎಲ್ಲರಿಗೂ ಹೇಳುವುದನ್ನೇ ಹೇಳಿದೆ:
ಬೇಸಿಗೆಯಲ್ಲಿ ವಾರಕ್ಕೊಂದು ಕೊಡ ನೀರು ಹೊಯ್ಯಿರಿ,
ಗುಂಡಿ ಒಣಗಬಾರದು.
'ಯಾವ ವಾರ?' ರುಕ್ಮಾ ಕೇಳಿದಳು.
ಯಾವುದಾದರೂ ಆದೀತು, ಅಂದೆ.
'ಹಾಗಾದರೆ ಬುಧವಾರ,' ಅಂದಳು.
'ಅವಳು ಹೋದದ್ದು ಬುಧವಾರ.'