ಎಡಭುಜ, ಮುಕ್ಕಾಲು ಇಂಚು

ಮಸ್ಕತ್ತಿನ ಮತ್ರಾದಲ್ಲಿ, ಸೂಕಿನ ಹಿಂದಿನ ಓಣಿಯಲ್ಲಿ
ಬೆಳ್ಳಿಯಂಗಡಿ, ಲೋಬಾನದಂಗಡಿ ದಾಟಿದರೆ ನಮ್ಮದು.
ಬೋರ್ಡಿನಲ್ಲಿ ಅರಬಿ ದೊಡ್ಡದು, ಇಂಗ್ಲಿಷು ಸಣ್ಣದು,
ಕನ್ನಡ ನನ್ನ ಬಾಯಲ್ಲಿ ಮಾತ್ರ,
ಅದೂ ಇಂಚಿನ ಲೆಕ್ಕ ಹಾಕುವಾಗ.

ಎಲ್ಲರೂ ನನ್ನನ್ನು ಮಾಸ್ಟರ್ ಅನ್ನುತ್ತಾರೆ.
ಇಪ್ಪತ್ತೆರಡು ವರ್ಷದಿಂದ ಗಂಡಸರ ಮೈ ಅಳೆಯುತ್ತಿದ್ದೇನೆ.
ಬೆನ್ನ ಹಿಂದೆ ನಿಲ್ಲುತ್ತೇನೆ, ಅಂಚಿಗೆ ಮಂಡಿಯೂರುತ್ತೇನೆ.
ಮುಖ ನೋಡುವುದಿಲ್ಲ.
ಮುಖಕ್ಕೆ ಹೊಲಿಗೆಯಿಲ್ಲವಲ್ಲ.

ರಾತ್ರಿ ಷಟರು ಅರ್ಧ ಇಳಿಸಿ,
ಕಾಜ ಹೊಲಿಯುವ ಶುಕೂರ ಮಲಗಿದ ಮೇಲೆ,
ಮೇಜಿನ ಮೇಲೆ ಖಾಕಿ ಕಾಗದ ಹಾಸಿ
ನೀಲಿ ಸೀಮೆಸುಣ್ಣದ ಬಿಲ್ಲೆಯಲ್ಲಿ ಬರೆಯುತ್ತೇನೆ.
ನಮ್ಮಲ್ಲಿ ಚಿತ್ರಕ್ಕೂ ಪತ್ರಕ್ಕೂ ಒಂದೇ ಬರೆಯುವುದು;
ಊರಿಗೆ ಏನೂ ಬರೆಯದ ರಾತ್ರಿಗಳಲ್ಲೂ
ನಾನು ಬರೆದಿದ್ದೇನೆ.

ಲೋವರ್ ಗ್ರೇಡ್ ಪರೀಕ್ಷೆಗೆ ಕೂರಿಸಿದ ತಿಂಗಳಾಯ ಮಾಸ್ತರು ಹೇಳಿದ್ದರು:
ಮನುಷ್ಯ ಎಂದರೆ ಎಂಟು ತಲೆ ಎತ್ತರ,
ಮುಖ ಎಂದರೆ ಮೊದಲು ಒಂದು ಮೊಟ್ಟೆ,
ಮೊಟ್ಟೆಯ ನಡುವೆ ಗೆರೆ, ಗೆರೆಯ ಮೇಲೆ ಕಣ್ಣು.
ಎಂಟು ತಲೆಯ ಒಬ್ಬನೂ ಈ ಅಂಗಡಿಗೆ ಬಂದಿಲ್ಲ, ಮಾಸ್ತರೇ.
ಬಂದದ್ದು, ಟ್ಯಾಕ್ಸಿಯಿಂದ ಇಳಿದರೂ ಸ್ಟಿಯರಿಂಗ್ ಬಿಡದ ಮೊಣಕೈ.
ಬಂದದ್ದು, ಮದುಮಗನ ಉಬ್ಬಿಸಿದ ಎದೆ;
ಟೇಪು ಸಡಿಲಿಸಿದ ಕೂಡಲೇ ಅದು ಎರಡಿಂಚು ಇಳಿಯುತ್ತದೆ,
ಯಾವುದನ್ನು ಪುಸ್ತಕದಲ್ಲಿ ಬರೆದುಕೊಳ್ಳುವುದು?

ಖಲ್ಫಾನ್ ಬಿನ್ ಸುವೈದ್ ಸೂರ್ ಕಡೆಯ ದೋಣಿಯವನು.
ಈದಿಗೊಂದು ದಿಶ್‌ದಾಶ, ಕೊರಳಿಗೆ ಗೊಂಡೆ, ಗೊಂಡೆಗೆ ಅತ್ತರು.
ಎಡಭುಜ ಬಲಕ್ಕಿಂತ ಮುಕ್ಕಾಲು ಇಂಚು ಕೆಳಗೆ.
ಹಗ್ಗ ಎಳೆದದ್ದೋ, ಹುಟ್ಟಿನಿಂದಲೋ, ಕೇಳಿಲ್ಲ.
ಪ್ರತಿ ವರ್ಷ ಒಳಗೊಂದು ಪಟ್ಟಿ ಇಟ್ಟು ಎತ್ತರಿಸುತ್ತೇನೆ.
ನಮಾಜಿನ ಸಾಲಿನಲ್ಲಿ ಅವನು ಎಲ್ಲರಂತೆ ಕಾಣುತ್ತಾನೆ.

ಆ ರಾತ್ರಿ ಪಟ್ಟಿ ಇಡಲಿಲ್ಲ.
ಗೆರೆ ಕೊರಳಿನಿಂದ ಹೊರಟು ಜಾರಿತು, ತಡೆಯಲಿಲ್ಲ.
ಇಳಿದ ಭುಜಕ್ಕೆ ಸೊಂಟ ಉತ್ತರ ಕೊಟ್ಟಿತು,
ಸೊಂಟಕ್ಕೆ ಮಂಡಿ,
ಮಂಡಿಗೆ ನೆಲ ಕಚ್ಚಿದ ಹೆಬ್ಬೆರಳು.
ಹೀಗೆ ಒಂದು ಮೈ ತಾನು ಬೀಳದಿರಲು
ಎಷ್ಟು ಕಡೆ ಸಾಲ ಮಾಡುತ್ತದೆ ಎಂದು
ಬಿಲ್ಲೆ ಸವೆಯುವವರೆಗೂ ನೋಡಿದೆ.
ತಲೆಯ ಜಾಗದಲ್ಲಿ ಮೊಟ್ಟೆಯನ್ನೂ ಇಡಲಿಲ್ಲ.
ಅಲ್ಲಿ ಏನಿದೆಯೋ ನನಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ಟ್ರಯಲಿಗೆ ಬೇಗ ಬಂದುಬಿಟ್ಟ.
ಮೇಜಿನ ಮೇಲೆ ಬಿಳಿ ಥಾನು, ಅದರಡಿ ಕಾಗದದ ತುದಿ.
ಥಾನು ಸರಿಸಿದ.
ನನ್ನ ಬಾಯಲ್ಲಿ ಐದಾರು ಗುಂಡುಸೂಜಿ, ಮಾತಾಡುವಂತಿಲ್ಲ.
ಅವನ ಬೆರಳು ಜಾರಿದ ಭುಜದ ಮೇಲೆ ನಿಂತಿತು.
ಹಾದಾ ಅಬೂಯಿ, ಅಂದ.
ಇದು ನನ್ನಪ್ಪ.
ಹೀಗೇ ನಿಲ್ಲುತ್ತಿದ್ದ, ದೋಣಿ ಬರುವ ಹೊತ್ತಿಗೆ.
ಫೋಟೋ ಒಂದೂ ಇಲ್ಲ. ನೀನೆಲ್ಲಿ ನೋಡಿದೆ?

ಸೂಜಿಗಳನ್ನು ಅಂಗೈಗೆ ಉಗುಳಿ
ಮೊದಲ ಸಲ ಅವನ ಮುಖ ನೋಡಿದೆ.
ಒಂದು ಕಣ್ಣಿಗೆ ಬೂದು ಪೊರೆ, ಹುಬ್ಬಿನಲ್ಲಿ ಗಾಯದ ಸಂದು.
ಕೊರಳು ಹದಿನಾರೂವರೆ ಎಂದು ಗೊತ್ತಿದ್ದವನಿಗೆ
ಇದು ಗೊತ್ತಿರಲಿಲ್ಲ.
ಬಿಲ್ಲೆ ಕೈಗೆತ್ತಿಕೊಂಡೆ.
ಅವನು ನನ್ನ ಮಣಿಕಟ್ಟು ಹಿಡಿದ.
ಮುಖ ಬೇಡ.
ನನಗೆ ಅದು ನೆನಪಿಲ್ಲ;
ನೀನು ಬರೆದರೆ ಅದೇ ನೆನಪಾಗಿಬಿಡುತ್ತದೆ.

ಕಾಗದ ಸುರುಳಿ ಸುತ್ತಿ ಕಂಕುಳಿಗಿಟ್ಟುಕೊಂಡ.
ದಿಶ್‌ದಾಶಕ್ಕೆ ಎಂದಿನಂತೆ ಅರ್ಧ ರಿಯಾಲು ಚೌಕಾಶಿ ಮಾಡಿದ.
ಈ ಸಲ ಪಟ್ಟಿ ತೆಗೆದುಬಿಡಲೇ, ಕೇಳಿದೆ.
ಬೇಡಪ್ಪ, ಇರಲಿ, ಈದು, ಅಂದು ಬಿಸಿಲಿಗಿಳಿದ.

ರಾತ್ರಿ ನಿದ್ದೆ ಬಾರದೆ ಶುಕೂರನನ್ನು ಎಬ್ಬಿಸಿ
ಟೇಪು ಕೊಟ್ಟು, ನನ್ನದು ಅಳೆ ಎಂದೆ.
ಇಷ್ಟು ವರ್ಷದಲ್ಲಿ ಯಾರೂ ಅಳೆದಿರಲಿಲ್ಲ.
ಹಿಂದೆ ನಿಂತು, ಆಕಳಿಸಿ,
ಟೇಪನ್ನು ಎರಡು ಸಲ ಇಟ್ಟು ತೆಗೆದ.
ಮಾಸ್ಟರ್, ನೇರ ನಿಂತುಕೊಳ್ಳಿ, ಅಂದ.
ನೇರವಾಗಿಯೇ ನಿಂತಿದ್ದೆ.